ಕಂಪನಿ ಮೋಡೆಮ್ ಜೊತೆ ನಿಮ್ಮದೇ ರೂಟರ್ ಜೋಡಿಸುವುದು: ಒಂದೊಂದೇ ಹೆಜ್ಜೆ

ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್ ಮನೆಯಲ್ಲಿದೆ, ಹೊಸ ರೂಟರ್ ತಂದಿದ್ದೀರಿ. ಕೇಬಲ್ ಸಿಕ್ಕಿಸಿದ್ದೀರಿ, ದೀಪಗಳೆಲ್ಲ ಹೊತ್ತಿಕೊಂಡಿವೆ. ಆದರೆ ಇಂಟರ್ನೆಟ್ ಇಲ್ಲ. ಅಥವಾ ಇಂಟರ್ನೆಟ್ ಬರುತ್ತದೆ, ಆದರೆ ಒಂದು ಮೊಬೈಲ್‌ಗೆ ಪ್ರಿಂಟರ್ ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದೇ ಇಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ರೀಸೆಟ್ ಬಟನ್ ಒತ್ತುವುದು. ಅಲ್ಲಿಂದ ಸಮಸ್ಯೆ ಇನ್ನೂ ಜಾಸ್ತಿ ಆಗುತ್ತದೆ.

ಹೆಚ್ಚಿನ ಸಲ ರೂಟರ್‌ನಲ್ಲಿ ದೋಷ ಇರುವುದಿಲ್ಲ. ಎರಡು ಪೆಟ್ಟಿಗೆಗಳೂ ಒಂದೇ ಕೆಲಸ ಮಾಡಲು ಹೊರಟಿರುತ್ತವೆ, ಅಷ್ಟೇ. ಹಾಗಾಗಿ ಕೇಬಲ್ ಮುಟ್ಟುವ ಮೊದಲೇ ಒಂದು ವಿಷಯ ಇತ್ಯರ್ಥವಾಗಬೇಕು: ಮನೆಯ ನೆಟ್‌ವರ್ಕ್‌ಗೆ ಯಜಮಾನ ಯಾರು, ಮೋಡೆಮ್ಮಾ ರೂಟರಾ? ಇದು ಗೊತ್ತಾದರೆ ಉಳಿದದ್ದು ಕ್ರಮವಾಗಿ ಮಾಡಿಕೊಂಡು ಹೋಗುವ ಕೆಲಸ.

ಮೊದಲು ಇವನ್ನು ಜೋಡಿಸಿಟ್ಟುಕೊಳ್ಳಿ

ಕೇಬಲ್ ಸಿಕ್ಕಿಸುವ ಜಾಗ ಇರುವ ಒಂದು ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್ ಬೇಕು. ಮೊಬೈಲ್‌ನಲ್ಲೇ ಎಲ್ಲ ಮುಗಿಸಬಹುದು ಅಂತ ರೂಟರ್ ಡಬ್ಬದ ಮೇಲೆ ಬರೆದಿರುತ್ತದೆ. ಎಲ್ಲ ಸರಿ ಹೋದರೆ ಅದು ನಿಜ. ಎಡವಟ್ಟಾದಾಗ ಮಾತ್ರ ಕೇಬಲ್ ಇಲ್ಲದೆ ಕೈಕಟ್ಟಿದ ಹಾಗೆ ಆಗುತ್ತದೆ.

ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಮೈಮೇಲೆ ಅಚ್ಚಾಗಿರುವ ಎರಡು ಕೇಬಲ್ ಇರಲಿ. ಮೊಬೈಲ್‌ನಲ್ಲಿ ಡೇಟಾ ಇರಲಿ, ಏಕೆಂದರೆ ನಡುವೆ ಮನೆಯ ಇಂಟರ್ನೆಟ್ ಹೋಗಿಯೇ ಹೋಗುತ್ತದೆ. ಒಂದು ಹಾಳೆ ಮತ್ತು ಪೆನ್ ಕೂಡ ಬೇಕು. ಮೋಡೆಮ್ ಮತ್ತು ರೂಟರ್ ಎರಡರ ತಳದಲ್ಲೂ ಅಂಟಿಸಿರುವ ಚೀಟಿಯ ಫೋಟೋ ತೆಗೆದಿಡಿ. ಲಾಗಿನ್ ವಿಳಾಸ, ಪಾಸ್‌ವರ್ಡ್, ಮ್ಯಾಕ್ ವಿಳಾಸ (ಆ ಸಾಧನದ ಗುರುತಿನ ಸಂಖ್ಯೆ) ಎಲ್ಲ ಅಲ್ಲೇ ಇರುತ್ತವೆ.

ಕಂಪನಿಗೆ ಒಂದು ಕರೆ ಮಾಡಿ ನಾಲ್ಕು ಪ್ರಶ್ನೆ ಕೇಳಿ, ಉತ್ತರಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಈ ಮೋಡೆಮ್‌ನಲ್ಲಿ ಬ್ರಿಡ್ಜ್ ಮೋಡ್, ಅಂದರೆ ರೂಟರ್ ಕೆಲಸ ಬಿಟ್ಟು ಬಂದದ್ದನ್ನು ಹಾಗೇ ದಾಟಿಸುವ ಸೆಟ್ಟಿಂಗ್, ಸಿಗುತ್ತದಾ? ಸಂಪರ್ಕ ಪಿಪಿಪಿಒಇ (ಯೂಸರ್‌ನೇಮ್ ಹಾಕಿ ಲಾಗಿನ್ ಆಗುವ) ರೀತಿಯದಾ, ಹೌದಾದರೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಏನು? ವಿಲ್ಯಾನ್ ಸಂಖ್ಯೆ (ಒಂದೇ ತಂತಿಯಲ್ಲಿ ಬರುವ ಇಂಟರ್ನೆಟ್, ಟಿವಿ, ಫೋನ್‌ಗಳನ್ನು ಬೇರೆ ಮಾಡುವ ಗುರುತು) ಏನಾದರೂ ಹಾಕಬೇಕಾ? ಬ್ರಿಡ್ಜ್ ಮಾಡಿದರೆ ಮೋಡೆಮ್‌ಗೆ ಸೇರಿಸಿರುವ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ನಿಂತುಹೋಗುತ್ತದಾ? ಈ ಕರೆಯನ್ನು ತಪ್ಪಿಸಿದವರೇ ಆಮೇಲೆ ಅರ್ಧ ದಿನ ಒದ್ದಾಡುವುದು.

ಎಚ್ಚರಿಕೆ: ಕಂಪನಿಯ ಮೋಡೆಮ್ ಮೇಲಿನ ರೀಸೆಟ್ ತೂತಿಗೆ ಪಿನ್ ಹಾಕಲೇಬೇಡಿ. ಕಂಪನಿಯವರು ಅದರೊಳಗೆ ತುಂಬಿಸಿಟ್ಟ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರೇ ಬಂದು ಸರಿ ಮಾಡಬೇಕಾಗುತ್ತದೆ.

ಹಂತ 1: ನಿಮ್ಮ ಮೋಡೆಮ್ ಎಂಥದ್ದು ಅಂತ ಗುರುತಿಸಿ

ಜನ ‘ಮೋಡೆಮ್’ ಅಂತ ಕರೆಯುವ ಪೆಟ್ಟಿಗೆಗಳಲ್ಲಿ ಎರಡು ಬಗೆ. ಒಂದು ಬರೀ ಮೋಡೆಮ್. ಹೊರಗಿನ ತಂತಿಯಲ್ಲಿ ಬಂದದ್ದನ್ನು ನೆಟ್‌ವರ್ಕ್ ಕೇಬಲ್‌ಗೆ ದಾಟಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನೊಂದರಲ್ಲಿ ಮೋಡೆಮ್, ರೂಟರ್, ವೈಫೈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಹಿಂದೆ ಮೂರು ನಾಲ್ಕು ಲ್ಯಾನ್ (ಮನೆಯೊಳಗಿನ ಸಾಧನಗಳಿಗೆ ಕೇಬಲ್ ಹಾಕುವ) ತೂತುಗಳಿದ್ದು, ವೈಫೈ ದೀಪವೂ ಇದ್ದರೆ ಅದು ಎರಡನೆಯ ಬಗೆ.

ಖಚಿತ ಮಾಡಿಕೊಳ್ಳಲು ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಮೋಡೆಮ್‌ಗೆ ನೇರವಾಗಿ ಕೇಬಲ್ ಹಾಕಿ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿವಿ4 ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪಿನ ನಂಬರ್) ಗೇಟ್‌ವೇ ವಿಳಾಸವನ್ನೂ (ಹೊರಗೆ ದಾರಿ ಕೊಡುವ ಪೆಟ್ಟಿಗೆಯ ನಂಬರ್) ನೋಡಿ, ಬರೆದುಕೊಳ್ಳಿ.

ವಿಳಾಸ 192.168 ಅಂತ ಶುರುವಾದರೆ ಮೋಡೆಮ್ ಒಳಗೆ ರೂಟರ್ ಕೆಲಸ ಮಾಡುತ್ತಿದೆ. 10 ಅಂತ ಶುರುವಾದರೆ, ಅಥವಾ 172.16ರಿಂದ 172.31ರ ನಡುವೆ ಇದ್ದರೆ, ಗೇಟ್‌ವೇ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ನೋಡಿ. ಮೋಡೆಮ್‌ನ ಲಾಗಿನ್ ಪುಟ ತೆರೆದರೆ ಅದೇ ಉತ್ತರ. 169.254 ಅಂತ ಬಂದರೆ ಲ್ಯಾಪ್‌ಟಾಪ್‌ಗೆ ಯಾರೂ ವಿಳಾಸ ಕೊಟ್ಟಿಲ್ಲ, ಅದೇ ಒಂದನ್ನು ಹಚ್ಚಿಕೊಂಡಿದೆ ಅಂತ ಅರ್ಥ. ಪಿಪಿಪಿಒಇ ಸಂಪರ್ಕದ ಬರೀ ಮೋಡೆಮ್‌ನಲ್ಲಿ ಹೀಗಾಗುವುದು ಸಹಜ, ಗಾಬರಿ ಬೇಡ.

ಬರೀ ಮೋಡೆಮ್ ಇದ್ದವರು ಎರಡು ಮತ್ತು ಮೂರನೇ ಹಂತ ಬಿಟ್ಟು ನೇರವಾಗಿ ನಾಲ್ಕಕ್ಕೆ ಹೋಗಿ.

ಹಂತ 2: ಯಜಮಾನನನ್ನು ಆರಿಸಿ

ರೂಟರ್ ಅಂದರೆ ಮನೆಯ ಎಲ್ಲ ಸಾಧನಗಳಿಗೂ ವಿಳಾಸ ಹಂಚುವವನು, ಒಳಗಿನವರ ಪರವಾಗಿ ಹೊರಗೆ ಮಾತಾಡುವವನು. ಈ ಕೆಲಸವನ್ನು ಇಬ್ಬರು ಮಾಡಿದರೆ ಅದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ಮನೆಯೊಳಗೆ ಇನ್ನೊಂದು ಮನೆ ಕಟ್ಟಿದ ಹಾಗೆ. ವೀಡಿಯೊ ನೋಡಲು, ಬ್ರೌಸ್ ಮಾಡಲು ತೊಂದರೆ ಗೊತ್ತಾಗುವುದಿಲ್ಲ. ಆನ್‌ಲೈನ್ ಆಟ, ಹೊರಗಿನಿಂದ ಕ್ಯಾಮೆರಾ ನೋಡುವುದು, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ಒಳಗಿನ ಒಂದು ಸಾಧನಕ್ಕೆ ತಲುಪಿಸುವುದು), ಇಂಥ ಕಡೆ ಕೈಕೊಡುತ್ತದೆ.

ನಮ್ಮ ಮನೆಯಲ್ಲೇ ಇದು ಎರಡು ವಾರ ನಡೆಯಿತು. ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣುತ್ತಿರಲಿಲ್ಲ. ಡ್ರೈವರ್ ತೆಗೆದು ಹಾಕಿದೆ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆ ಮುದ್ರಿಸಿ ನೋಡಿದೆ. ಅದರ ವಿಳಾಸ 192.168.1.34. ಲ್ಯಾಪ್‌ಟಾಪಿನದು 192.168.0.12. ಮೂರನೇ ಸಂಖ್ಯೆ ಬೇರೆ ಬೇರೆ! ಪ್ರಿಂಟರ್ ಇನ್ನೂ ಮೋಡೆಮ್‌ನ ಹಳೇ ವೈಫೈಗೇ ಅಂಟಿಕೊಂಡಿತ್ತು, ಲ್ಯಾಪ್‌ಟಾಪ್ ಹೊಸ ರೂಟರ್‌ನಲ್ಲಿತ್ತು. ಎರಡೂ ಒಂದೇ ಮೇಜಿನ ಮೇಲಿದ್ದವು, ಆದರೆ ಎರಡು ಬೇರೆ ನೆಟ್‌ವರ್ಕ್‌ಗಳಲ್ಲಿದ್ದವು. ಅವತ್ತಿನಿಂದ ಯಾವ ಸಾಧನ ಕಾಣದೆ ಹೋದರೂ ನಾನು ಮೊದಲು ನೋಡುವುದು ಆ ಮೂರನೇ ಸಂಖ್ಯೆಯನ್ನೇ.

ಈಗ ಆಯ್ಕೆ. ಮೋಡೆಮ್‌ನಲ್ಲಿ ಬ್ರಿಡ್ಜ್ ಮೋಡ್ ಸಿಗುತ್ತದೆ, ಫೋನ್ ಮತ್ತು ಟಿವಿಯ ತಕರಾರಿಲ್ಲ ಅಂದರೆ ನಿಮ್ಮ ರೂಟರ್ ಯಜಮಾನನಾಗಲಿ. ನನ್ನ ಓಟು ಇದಕ್ಕೇ. ಎಲ್ಲ ಹಿಡಿತ ಒಂದೇ ಕಡೆ ಇರುತ್ತದೆ. ಬ್ರಿಡ್ಜ್ ಸಿಗದಿದ್ದರೆ ಅಥವಾ ಫೋನ್ ನಿಂತುಹೋಗುತ್ತದೆ ಅಂದರೆ ಮೋಡೆಮ್ ಯಜಮಾನನಾಗಿಯೇ ಇರಲಿ, ನಿಮ್ಮ ರೂಟರ್ ಬರೀ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ, ಆಗಲಿ. ವೈಫೈ ಚೆನ್ನಾಗಿ ಸಿಕ್ಕರೆ ಸಾಕು ಅನ್ನುವವರಿಗೆ ಇದರಲ್ಲಿ ಏನೂ ನಷ್ಟವಿಲ್ಲ. ಅವರು ಮೂರರಿಂದ ಆರರವರೆಗಿನ ಹಂತಗಳನ್ನು ದಾಟಿ ಏಳಕ್ಕೆ ಹೋಗಬಹುದು.

ಹಂತ 3: ಮೋಡೆಮ್ ಅನ್ನು ಬ್ರಿಡ್ಜ್ ಮಾಡಿ

ಮೋಡೆಮ್‌ಗೆ ಕೇಬಲ್‌ನಲ್ಲೇ ಸೇರಿಕೊಂಡು ಗೇಟ್‌ವೇ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ವೈಫೈ ಮೂಲಕ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ರಿಡ್ಜ್ ಆದ ಕೂಡಲೇ ಮೋಡೆಮ್‌ನ ವೈಫೈ ನಿಲ್ಲಬಹುದು. ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ.

ಬದಲಾಯಿಸುವ ಮೊದಲು ವ್ಯಾನ್ (WAN, ಅಂದರೆ ಹೊರಗಿನ ಇಂಟರ್ನೆಟ್ ಸಂಪರ್ಕದ) ಪುಟದಲ್ಲಿ ಏನೇನಿದೆಯೋ ಅದೆಲ್ಲದರ ಫೋಟೋ ತೆಗೆಯಿರಿ. ಸಂಪರ್ಕದ ಬಗೆ, ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ, ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಡೇಟಾ ತುಣುಕಿನ ಗರಿಷ್ಠ ಅಳತೆ) ಎಲ್ಲ ಅಲ್ಲಿರುತ್ತವೆ. ಒಮ್ಮೆ ಬ್ರಿಡ್ಜ್ ಮಾಡಿದ ಮೇಲೆ ಇವು ಕಾಣದೆ ಹೋಗಬಹುದು. ಕಾನ್ಫಿಗರೇಶನ್ ಬ್ಯಾಕಪ್ ಅನ್ನುವ ಆಯ್ಕೆ ಇದ್ದರೆ ಅದನ್ನೂ ಉಳಿಸಿಕೊಳ್ಳಿ.

ಆಮೇಲೆ ಮೋಡೆಮ್‌ನ ವೈಫೈ ಆಫ್ ಮಾಡಿ, ಬ್ರಿಡ್ಜ್ ಆರಿಸಿ, ಸೇವ್ ಮಾಡಿ. ಕೆಲವು ಮೋಡೆಮ್‌ಗಳಲ್ಲಿ ಒಂದೇ ಒಂದು ಲ್ಯಾನ್ ತೂತು ಮಾತ್ರ ಬ್ರಿಡ್ಜ್ ಆಗುತ್ತದೆ. ಯಾವುದು ಅಂತ ಪುಟದಲ್ಲೇ ಕಾಣುತ್ತದೆ. ಅದರ ನಂಬರ್ ಬರೆದುಕೊಳ್ಳಿ, ರೂಟರ್ ಕೇಬಲ್ ಅದಕ್ಕೇ ಹೋಗಬೇಕು. ಆಯ್ಕೆ ಸಿಗದಿದ್ದರೆ ಕಂಪನಿಯವರೇ ತಮ್ಮ ಕಡೆಯಿಂದ ಮಾಡಿಕೊಡಬೇಕಾಗಬಹುದು.

ಹಂತ 4: ಕೇಬಲ್ ಹಾಕುವ ಕ್ರಮ

ಎರಡೂ ಪೆಟ್ಟಿಗೆಗಳ ಪವರ್ ತೆಗೆಯಿರಿ. ಮೋಡೆಮ್‌ನ ಲ್ಯಾನ್ ತೂತಿನಿಂದ ರೂಟರ್‌ನ ವ್ಯಾನ್ ತೂತಿಗೆ ಒಂದು ಕೇಬಲ್. ವ್ಯಾನ್ ತೂತಿನ ಬಣ್ಣ ಸಾಮಾನ್ಯವಾಗಿ ಬೇರೆ ಇರುತ್ತದೆ, ‘ಇಂಟರ್ನೆಟ್’ ಅಂತಲೂ ಬರೆದಿರಬಹುದು. ರೂಟರ್‌ನ ಲ್ಯಾನ್ ತೂತಿನಿಂದ ಲ್ಯಾಪ್‌ಟಾಪ್‌ಗೆ ಇನ್ನೊಂದು ಕೇಬಲ್.

ಈಗ ಮೋಡೆಮ್ ಒಂದನ್ನೇ ಆನ್ ಮಾಡಿ. ಎರಡು ಮೂರು ನಿಮಿಷ ಕಾಯಿರಿ. ಅದರ ದೀಪಗಳು ಮಿಟುಕಾಡುವುದು ನಿಂತು ಸ್ಥಿರವಾದ ಮೇಲೆ ರೂಟರ್ ಆನ್ ಮಾಡಿ. ಈ ಕಾಯುವಿಕೆ ಸುಮ್ನೆ ಹೇಳುತ್ತಿಲ್ಲ. ಎಷ್ಟೋ ಮೋಡೆಮ್‌ಗಳು ತಾವು ಮೊದಲು ನೋಡಿದ ಸಾಧನದ ಮ್ಯಾಕ್ ವಿಳಾಸವನ್ನೇ ನೆನಪಿಟ್ಟುಕೊಂಡು, ಅದೊಂದಕ್ಕೇ ಇಂಟರ್ನೆಟ್ ಕೊಡುತ್ತವೆ. ಪವರ್ ತೆಗೆದು ಹಾಕಿದರೆ ಆ ನೆನಪು ಹೋಗುತ್ತದೆ, ಹೊಸ ರೂಟರ್ ಅನ್ನು ಒಪ್ಪಿಕೊಳ್ಳುತ್ತವೆ.

ಅಡಾಪ್ಟರ್ ಬಗ್ಗೆ ಒಂದು ಮಾತು. ಮೋಡೆಮ್ ಮತ್ತು ರೂಟರ್ ಎರಡರ ಪಿನ್ನೂ ನೋಡಲು ಒಂದೇ ಥರ ಇರಬಹುದು, ಆದರೆ ಒಂದು 9 ವೋಲ್ಟ್, ಇನ್ನೊಂದು 12 ವೋಲ್ಟ್ ಇರಬಹುದು. ಅದಲು ಬದಲಾದರೆ ಪೆಟ್ಟಿಗೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ, ಕೆಟ್ಟು ಹೋದರೂ ಹೋಯಿತು. ಪ್ರತಿ ಅಡಾಪ್ಟರ್ ಮೇಲೂ ಯಾವುದರದು ಅಂತ ಪೆನ್ನಲ್ಲಿ ಬರೆದು ಚೀಟಿ ಅಂಟಿಸಿ.

ಫೈಬರ್ ಸಂಪರ್ಕ ಇದ್ದವರು ಆ ತೆಳ್ಳನೆಯ ತಂತಿಯನ್ನು ಕಳಚಬೇಡಿ, ಬಿಗಿಯಾಗಿ ಮಡಚಬೇಡಿ. ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇಣುಕುವುದಂತೂ ಬೇಡವೇ ಬೇಡ. ಒಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಮೋಡೆಮ್ ಮೇಲೆ ‘ಲಾಸ್’ (LOS) ಅನ್ನುವ ಕೆಂಪು ದೀಪ ಹೊತ್ತಿದರೆ ಬೆಳಕು ಒಳಗೆ ಬರುತ್ತಿಲ್ಲ. ಅದು ರೂಟರ್ ಸೆಟ್ಟಿಂಗ್‌ನಿಂದ ಸರಿ ಹೋಗುವ ವಿಷಯ ಅಲ್ಲ, ಕಂಪನಿಗೇ ಹೇಳಬೇಕು.

ಹಂತ 5: ರೂಟರ್‌ಗೆ ಇಂಟರ್ನೆಟ್ ಕೊಡಿ

ರೂಟರ್ ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಮೊದಲು ಅದು ಹೊಸ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್‌ನ ಬೀಗದ ಕೈ. ಎರಡಕ್ಕೂ ಒಂದೇ ಇಡಬೇಡಿ.

ವ್ಯಾನ್ ಪುಟದಲ್ಲಿ ಸಂಪರ್ಕದ ಬಗೆ ಆರಿಸಬೇಕು. ಕಂಪನಿಯವರು ಯೂಸರ್‌ನೇಮ್ ಕೊಟ್ಟಿದ್ದರೆ ಪಿಪಿಪಿಒಇ. ಕೊಟ್ಟಿಲ್ಲದಿದ್ದರೆ ಸಾಮಾನ್ಯವಾಗಿ ಡೈನಮಿಕ್ ಐಪಿ, ಅಂದರೆ ವಿಳಾಸ ಕಂಪನಿಯಿಂದ ತಾನಾಗಿಯೇ ಬರುತ್ತದೆ. ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಬೇರೆಯಾಗಿ ಕೇಳಿ ತೆಗೆದುಕೊಂಡವರಿಗೆ ಮಾತ್ರ ಮೂರನೇ ಆಯ್ಕೆ.

ಪಿಪಿಪಿಒಇ ಹಾಕುವಾಗ ಯೂಸರ್‌ನೇಮ್ ಅನ್ನು ಕೊಟ್ಟ ಹಾಗೆಯೇ ಹಾಕಿ. ಕ್ಯಾಪಿಟಲ್ ಅಕ್ಷರ, ಕೊನೆಯಲ್ಲಿ ಬರುವ ಅಟ್ ಚಿಹ್ನೆ, ಅದರ ಮುಂದಿನ ಹೆಸರು, ಎಲ್ಲವೂ ಸೇರಬೇಕು. ಮೊಬೈಲ್‌ನಿಂದ ಕಾಪಿ ಮಾಡಿ ಅಂಟಿಸಿದರೆ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ಕಣ್ಣಿಗೆ ಕಾಣುವುದಿಲ್ಲ, ಲಾಗಿನ್ ಮಾತ್ರ ಆಗುವುದಿಲ್ಲ. ವಿಲ್ಯಾನ್ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಹಾಕಲೇಬೇಕು. ಕೆಲವು ರೂಟರ್‌ಗಳಲ್ಲಿ ಇದು ವ್ಯಾನ್ ಪುಟದಲ್ಲಿ ಇರುವುದಿಲ್ಲ, ಐಪಿಟಿವಿ ಅನ್ನುವ ಪುಟದೊಳಗೆ ಅಡಗಿ ಕೂತಿರುತ್ತದೆ.

ಪಿಪಿಪಿಒಇ ಇದ್ದವರಿಗೆ ಎಂಟಿಯು 1492 ಇರಲಿ. ಮಾಮೂಲಿ ಮಿತಿ 1500. ಪಿಪಿಪಿಒಇ ತನ್ನ ಖರ್ಚಿಗೆ 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿದದ್ದು 1492. ಇದು ತಪ್ಪಿದ್ದರೆ ವಿಚಿತ್ರ ಲಕ್ಷಣ ಕಾಣುತ್ತದೆ: ಕೆಲವು ಸೈಟ್ ಸರಾಗವಾಗಿ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ.

ಎಲ್ಲ ಸರಿಯಿದ್ದರೂ ಡೈನಮಿಕ್ ಐಪಿಯಲ್ಲಿ ವಿಳಾಸ ಬರುತ್ತಿಲ್ಲ ಅಂದರೆ ಕಂಪನಿ ಹಳೇ ಸಾಧನದ ಮ್ಯಾಕ್ ವಿಳಾಸವನ್ನು ತನ್ನ ಕಡೆ ಕಟ್ಟಿಹಾಕಿರಬಹುದು. ಹೊಸ ಮ್ಯಾಕ್ ಸೇರಿಸಿ ಅಂತ ಹೇಳಿ. ಅಥವಾ ರೂಟರ್‌ನಲ್ಲಿ ಮ್ಯಾಕ್ ಕ್ಲೋನ್ ಬಳಸಿ ಹಳೆಯದನ್ನೇ ಹಾಕಿ.

ಹಂತ 6: ಒಳಗಿನ ವಿಳಾಸ ಬೇರೆ ಮಾಡಿ

ಮೋಡೆಮ್‌ನ ವಿಳಾಸ 192.168.1.1, ರೂಟರ್‌ನದೂ 192.168.1.1. ಇದು ತುಂಬಾ ಮನೆಗಳಲ್ಲಿ ಆಗುವ ಗುದ್ದಾಟ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯವನು ಏನು ಮಾಡಬೇಕು, ಅಲ್ವಾ? ರೂಟರ್‌ನ ಲ್ಯಾನ್ ಪುಟದಲ್ಲಿ ವಿಳಾಸವನ್ನು 192.168.50.1 ಅಂತ ಬದಲಿಸಿ. ಬದಲಿಸಿದ ಕೂಡಲೇ ಪುಟ ಸತ್ತಂತೆ ಕಾಣುತ್ತದೆ. ಹೆದರಬೇಡಿ. ಕೇಬಲ್ ತೆಗೆದು ಹಾಕಿ, ಹೊಸ ವಿಳಾಸದಲ್ಲಿ ಮತ್ತೆ ತೆರೆಯಿರಿ. ಇನ್ನು ಮುಂದೆ ವಿಳಾಸದಲ್ಲಿ 50 ಕಂಡರೆ ಆ ಸಾಧನ ನಿಮ್ಮ ರೂಟರ್‌ನಲ್ಲಿದೆ ಅಂತ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಇಲ್ಲಿಂದ ಎಂಟನೇ ಹಂತಕ್ಕೆ ಹೋಗಿ.

ಹಂತ 7: ಬ್ರಿಡ್ಜ್ ಬೇಡ ಅಂದವರಿಗೆ ಆಕ್ಸೆಸ್ ಪಾಯಿಂಟ್ ದಾರಿ

ರೂಟರ್ ಮೆನುವಿನಲ್ಲಿ (ತಳದ ಚೀಟಿಯ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಸಿಗುತ್ತದೆ) ಆಪರೇಶನ್ ಮೋಡ್ ಅನ್ನುವ ಕಡೆ ಆಕ್ಸೆಸ್ ಪಾಯಿಂಟ್ ಇದ್ದರೆ ಅದನ್ನು ಆರಿಸಿ, ಮೋಡೆಮ್‌ಗೆ ಕೇಬಲ್ ಹಾಕಿ. ಅಷ್ಟೇ ಕೆಲಸ.

ಆ ಆಯ್ಕೆ ಇಲ್ಲದ ಹಳೇ ರೂಟರ್‌ನಲ್ಲಿ ಕೈಯಾರೆ ಮಾಡಬೇಕು. ಇಲ್ಲಿ ಕ್ರಮವೇ ಮುಖ್ಯ. ಮೋಡೆಮ್‌ಗೆ ಸೇರಿಸದೆ, ರೂಟರ್‌ಗೆ ಲ್ಯಾಪ್‌ಟಾಪ್ ಒಂದನ್ನೇ ಸೇರಿಸಿ. ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಇಡಿ. ಆಮೇಲೆ ಲ್ಯಾನ್ ವಿಳಾಸವನ್ನು ಮೋಡೆಮ್ ಕುಟುಂಬಕ್ಕೆ ತನ್ನಿ. ಮೋಡೆಮ್ 192.168.1.1 ಆಗಿದ್ದರೆ ರೂಟರ್‌ಗೆ 192.168.1.2 ಕೊಡಿ. ಆದರೆ ಮೋಡೆಮ್ ಬೇರೆ ಸಾಧನಗಳಿಗೆ ಹಂಚುವ ಡಿಎಚ್‌ಸಿಪಿ ಪಟ್ಟಿಯಲ್ಲಿ ಆ ವಿಳಾಸ ಇರಬಾರದು. ಮೋಡೆಮ್ ಪುಟದಲ್ಲಿ ಪಟ್ಟಿ 2ರಿಂದ ಶುರುವಾಗುತ್ತಿದ್ದರೆ ಅದನ್ನು 100ರಿಂದ ಶುರು ಮಾಡಿ. ಹೊಸ ವಿಳಾಸದಲ್ಲಿ ರೂಟರ್‌ಗೆ ಮತ್ತೆ ಲಾಗಿನ್ ಆಗಿ, ಕೊನೆಗೆ ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಇದನ್ನೇ ಮೊದಲು ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಕೊಡುವವರೇ ಇಲ್ಲದೆ ನೀವು ಹೊರಗೇ ಉಳಿಯುತ್ತೀರಿ.

ಈಗ ಮೋಡೆಮ್‌ನ ಲ್ಯಾನ್ ತೂತಿನಿಂದ ರೂಟರ್‌ನ ಲ್ಯಾನ್ ತೂತಿಗೆ ಕೇಬಲ್ ಹಾಕಿ. ವ್ಯಾನ್ ತೂತು ಖಾಲಿ ಇರಲಿ. ಒಂದೇ ಒಂದು ಕೇಬಲ್ ಸಾಕು. ಎರಡು ಹಾಕಿದರೆ ಸ್ಪೀಡ್ ಜಾಸ್ತಿ ಆಗುವುದಿಲ್ಲ. ಲೂಪ್ ಆಗಿ ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಮಿಟುಕುತ್ತವೆ, ಇಡೀ ನೆಟ್‌ವರ್ಕ್ ನಿಂತುಹೋಗುತ್ತದೆ.

ಹಂತ 8: ವೈಫೈ

ಫರ್ಮ್‌ವೇರ್ (ರೂಟರ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಮೊದಲು ಅದನ್ನು ಮುಗಿಸಿ. ನಡುವೆ ಪವರ್ ತೆಗೆಯಬೇಡಿ.

ಹಳೇ ವೈಫೈಗೆ ಇದ್ದ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನೇ ಹೊಸ ರೂಟರ್‌ಗೂ ಇಟ್ಟರೆ ಮೊಬೈಲ್, ಟಿವಿ, ಪ್ರಿಂಟರ್ ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ದೊಡ್ಡ ಕೆಲಸ ಉಳಿಯುತ್ತದೆ. ಆದರೆ ಆಗ ಮೋಡೆಮ್‌ನ ವೈಫೈ ಕಡ್ಡಾಯವಾಗಿ ಆಫ್ ಆಗಿರಬೇಕು.

ಭದ್ರತೆಗೆ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2 ಎಇಎಸ್ ಆರಿಸಿ. ಹಳೇ ಸಾಧನಗಳಿದ್ದರೆ ಎರಡೂ ಸೇರಿದ ಆಯ್ಕೆ ಇರುತ್ತದೆ. ಡಬ್ಲ್ಯುಇಪಿ, ಟಿಕೆಐಪಿ ಎರಡೂ ಮುರಿದ ಬೀಗಗಳು, ಬಳಸಬೇಡಿ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಸೌಲಭ್ಯ) ಮತ್ತು ಹೊರಗಿನಿಂದ ರೂಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟ್ ಎರಡನ್ನೂ ಆಫ್ ಮಾಡಿ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6 ಅಥವಾ 11ರಲ್ಲಿ ಒಂದನ್ನು ಇಡಿ, ಇವು ಮೂರು ಒಂದರ ಮೇಲೊಂದು ಬೀಳುವುದಿಲ್ಲ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ.

ಮೋಡೆಮ್ ಹೊರಗಿನ ತಂತಿ ಬರುವ ಮೂಲೆಯಲ್ಲೇ ಇರಬೇಕು. ರೂಟರ್ ಹಾಗಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ. ಹಾಗಾಗಿ ರೂಟರ್ ಅನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿ. ಕಬ್ಬಿಣದ ಬೀರು ಒಳಗೆ ಬೇಡ. ಮೋಡೆಮ್ ತಲೆ ಮೇಲೆ ಕೂರಿಸುವುದೂ ಬೇಡ, ಎರಡೂ ಬಿಸಿಯಾಗುತ್ತವೆ.

ಹಂತ 9: ಸರಿಯಾಯಿತಾ ಅಂತ ನೋಡಿ

ಬ್ರಿಡ್ಜ್ ಮಾಡಿದವರು ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ಸೈಟ್ ತೆರೆದು ಹೋಲಿಸಿ. ಎರಡೂ ಒಂದೇ ಆದರೆ ಕೆಲಸ ಗೆದ್ದಿರಿ. ವ್ಯಾನ್ ಐಪಿ 192.168 ಅಂತ ಶುರುವಾದರೆ ಬ್ರಿಡ್ಜ್ ಆಗಿಲ್ಲ, ಇನ್ನೂ ಡಬಲ್ ನ್ಯಾಟ್ ಇದೆ. ಮೂರನೇ ಹಂತಕ್ಕೆ ವಾಪಸ್ ಹೋಗಿ. 100.64ರಿಂದ 100.127ರ ನಡುವೆ ಇದ್ದರೆ ಕಂಪನಿಯೇ ಒಂದು ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಿದೆ. ನಿಮ್ಮ ಜೋಡಣೆಯಲ್ಲಿ ತಪ್ಪಿಲ್ಲ. ಆದರೆ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ. ಅದು ಬೇಕೇ ಬೇಕು ಅಂದರೆ ಪಬ್ಲಿಕ್ ಐಪಿ ಕೊಡಿ ಅಂತ ಕೇಳಬೇಕು.

ಸ್ಪೀಡ್ ಅನ್ನು ಮೊದಲು ಕೇಬಲ್‌ನಲ್ಲಿ ಅಳೆಯಿರಿ, ಆಮೇಲೆ ವೈಫೈನಲ್ಲಿ. ಪ್ಲಾನ್ 200 ಎಂಬಿಪಿಎಸ್ ಇದ್ದೂ ಕೇಬಲ್‌ನಲ್ಲಿ 94ರ ಆಸುಪಾಸಿಗೇ ನಿಂತರೆ ಕೇಬಲ್ ಮೇಲೆ ಅನುಮಾನ ಪಡಿ. ತುದಿಯ ಪಾರದರ್ಶಕ ಪ್ಲಗ್ ಅನ್ನು ಬೆಳಕಿಗೆ ಹಿಡಿದರೆ ಎಂಟು ಸಣ್ಣ ತಂತಿಗಳು ಕಾಣುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಒಂದು ತಂತಿ ತುದಿಯವರೆಗೆ ತಲುಪಿಲ್ಲದಿದ್ದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಆಗಲೂ ದೀಪಗಳೆಲ್ಲ ಹಸಿರಾಗಿಯೇ ಇರಬಹುದು. ಕೇಬಲ್ ಬದಲಿಸಿ ನೋಡಿ. ಆಗಲೂ 94 ಅಂದರೆ ಮೋಡೆಮ್, ರೂಟರ್, ಲ್ಯಾಪ್‌ಟಾಪ್ ಮೂರರಲ್ಲಿ ಒಂದರ ತೂತೇ 100ರದ್ದು.

ಕೊನೆಯ ಪರೀಕ್ಷೆ ಕರೆಂಟ್ ಹೋಗಿ ಬಂದಾಗಿನದು. ಎರಡರ ಪವರನ್ನೂ ಒಟ್ಟಿಗೆ ತೆಗೆದು, ಒಂದು ನಿಮಿಷ ಬಿಟ್ಟು ಒಟ್ಟಿಗೇ ಹಾಕಿ. ಏನನ್ನೂ ಮುಟ್ಟದೆ ಐದು ನಿಮಿಷ ಕಾಯಿರಿ. ತಾನಾಗಿಯೇ ಇಂಟರ್ನೆಟ್ ಬಂದರೆ ರೂಟರ್ ಮೆನುವಿನಿಂದ ಸೆಟ್ಟಿಂಗ್ಸ್ ಬ್ಯಾಕಪ್ ಇಳಿಸಿಕೊಳ್ಳಿ. ಬರದಿದ್ದರೆ ಪಿಪಿಪಿಒಇ ಇದ್ದವರು ವ್ಯಾನ್ ಪುಟದಲ್ಲಿ ಸಂಪರ್ಕ ‘ಮ್ಯಾನುಯಲ್’ ಅಂತ ಇದೆಯಾ ನೋಡಿ, ‘ಆಟೋ’ ಮಾಡಿ, ಇನ್ನೊಮ್ಮೆ ಪವರ್ ತೆಗೆದು ಹಾಕಿ.